ಕಳವಳದ ಹೊತ್ತಿನಲ್ಲಿ ಪ್ರಾರ್ಥಿಸುವುದು ಹೇಗೆ

ಒಂದು ತಾಸು ಮೊಣಕಾಲೂರಿ ಪ್ರಾರ್ಥಿಸಿ ಎದ್ದರೂ ಎದೆಯ ಭಾರ ಇಳಿಯಲಿಲ್ಲ, ಇನ್ನಷ್ಟು ಹೆಚ್ಚಾಯಿತು ಎಂದು ಹೇಳುವ ವಿಶ್ವಾಸಿಗಳು ಬೀದರ್, ಕಲಬುರಗಿ, ಯಾದಗಿರಿ ಸೀಮೆಯ ಸಭೆಗಳಲ್ಲಿ ಕಡಿಮೆಯೇನಿಲ್ಲ. ಅವರ ನಂಬಿಕೆಯಲ್ಲಿ ಕೊರತೆಯಿದೆ ಎಂದು ನಾನು ಭಾವಿಸುವುದಿಲ್ಲ. ಬಹುಮಟ್ಟಿಗೆ ಅಲ್ಲಿ ನಡೆದಿರುವುದು ಇಷ್ಟೇ: ತೊಗರಿಗೆ ನೆಟೆ ರೋಗ ಬಿದ್ದರೆ ಏನು ಗತಿ, ಸಾಲದ ಕಂತು ತಪ್ಪಿದರೆ ಏನು ಗತಿ, ದುಡಿಯಲು ಹೈದರಾಬಾದಿಗೆ ಹೋದ ಮಗ ಎರಡು ದಿನದಿಂದ ಫೋನ್ ಎತ್ತುತ್ತಿಲ್ಲವಲ್ಲ ಎಂದು ಹಗಲೆಲ್ಲ ತಲೆಯಲ್ಲಿ ಸುತ್ತುತ್ತಿದ್ದ ಮಾತುಗಳನ್ನೇ ಅವರು ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ ಸುತ್ತಿಸಿದ್ದಾರೆ, ನಡುನಡುವೆ ‘ಕರ್ತನೇ, ಕರ್ತನೇ’ ಎಂದು ಸೇರಿಸಿದ್ದಾರೆ. ಅದು ಮೊಣಕಾಲ ಮೇಲೆ ಮಾಡಿದ ಚಿಂತೆಯೇ ಹೊರತು ಪ್ರಾರ್ಥನೆಯಲ್ಲ. ಚಿಂತೆಯಲ್ಲಿ ಮನುಷ್ಯನು ತನ್ನೊಂದಿಗೇ ಮಾತಾಡಿಕೊಳ್ಳುತ್ತಾನೆ, ಪ್ರಾರ್ಥನೆಯಲ್ಲಿ ಕೇಳುವವನೊಬ್ಬನಿದ್ದಾನೆ. ಈ ವ್ಯತ್ಯಾಸವನ್ನು ನಿತ್ಯದ ಅಭ್ಯಾಸಕ್ಕೆ ಇಳಿಸುವುದು ಹೇಗೆಂಬುದನ್ನು ಮಾತ್ರ ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ಮೆಥಡಿಸ್ಟರಿಗೂ ಕಥೋಲಿಕರಿಗೂ ಉಳಿದ ಸಭೆಗಳವರಿಗೂ ಇದರಲ್ಲಿ ಹೆಚ್ಚಿನ ಭೇದವೇನೂ ಇಲ್ಲ.

ಚಿಂತೆಯ ವಿಷಯ ಬಂದಾಗಲೆಲ್ಲ ಪ್ರಸಂಗಿಗಳು ಎತ್ತಿಕೊಳ್ಳುವ ವಾಕ್ಯವೆಂದರೆ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದ 6 ಮತ್ತು 7ನೆಯ ವಚನಗಳು. ಯಾವ ಸಂಗತಿಗೂ ಚಿಂತಿಸಬೇಡಿರಿ, ಎಲ್ಲವನ್ನೂ ಪ್ರಾರ್ಥನೆ ವಿಜ್ಞಾಪನೆಗಳಿಂದ, ಕೃತಜ್ಞತೆಯೊಡನೆ ದೇವರಿಗೆ ತಿಳಿಸಿರಿ, ಆಗ ಬುದ್ಧಿಗೆ ನಿಲುಕದ ದೇವಶಾಂತಿಯು ನಿಮ್ಮ ಹೃದಯವನ್ನು ಕಾಯುವುದು ಎಂಬುದು ಅದರ ತಾತ್ಪರ್ಯ. ಇದನ್ನು ಓದುವಾಗ ಎರಡು ಸಂಗತಿಗಳನ್ನು ಮರೆಯಬಾರದು. ಅಪೊಸ್ತಲನಾದ ಪೌಲನು ಈ ಪತ್ರಿಕೆಯನ್ನು ಬರೆದದ್ದು ಬೇಡಿಯಲ್ಲಿದ್ದಾಗ. ಅಲ್ಲದೆ, ಚಿಂತಿಸಬೇಡಿರಿ ಎಂದ ಇದೇ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ಎಲ್ಲ ಸಭೆಗಳ ಚಿಂತೆಯು ದಿನದಿನವೂ ತನ್ನನ್ನು ಒತ್ತುತ್ತಿದೆ ಎಂದು ಒಪ್ಪಿಕೊಂಡಿದ್ದಾನೆ (11:28). ಆದ್ದರಿಂದ ಕಳವಳ ಹುಟ್ಟಿತೆಂಬ ಕಾರಣಕ್ಕೇ ತಾನು ಪಾಪ ಮಾಡಿದೆನೆಂದು ಯಾರೂ ಎದೆ ಬಡಿದುಕೊಳ್ಳಬೇಕಾಗಿಲ್ಲ. ಹುಟ್ಟಿದ ಕಳವಳವನ್ನು ಎಲ್ಲಿಗೆ ಒಯ್ಯಬೇಕೆಂಬುದೇ ಈ ವಚನಗಳ ವಿಷಯ.

ಮೊದಲು ಊಟ, ನಿದ್ದೆ

ಪ್ರಾರ್ಥನೆಗೆ ಕೂಡುವ ಮುನ್ನ ದೇಹದ ಸ್ಥಿತಿಯನ್ನು ನೋಡಿಕೊಳ್ಳಬೇಕು. 1 ಅರಸುಗಳು 19ರಲ್ಲಿ ಪ್ರವಾದಿಯಾದ ಎಲೀಯನು ಜೀವಭಯದಿಂದ ಓಡಿಹೋಗಿ, ಅಡವಿಯಲ್ಲಿ ಒಂದು ಗಿಡದಡಿ ಕುಳಿತು, ತನಗೆ ಸಾವು ಬರಲಿ ಎಂದು ಬೇಡಿಕೊಳ್ಳುತ್ತಾನೆ. ದೇವದೂತನು ಅವನಿಗೆ ಬುದ್ಧಿವಾದ ಹೇಳಲಿಲ್ಲ. ಮಲಗಿದ್ದವನನ್ನು ತಟ್ಟಿ ಎಬ್ಬಿಸಿ, ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಅವನು ತಿಂದು ಮತ್ತೆ ಮಲಗಿದಾಗ ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸಿದನು. ದೇವರು ಅವನೊಡನೆ ಮಾತಾಡಿದ್ದು ಇದೆಲ್ಲ ಆದ ನಂತರ. ಬೆಳಗಿನಿಂದ ಚಹಾದ ಮೇಲೆ ಚಹಾ ಕುಡಿದು, ಮಧ್ಯಾಹ್ನ ಒಂದು ರೊಟ್ಟಿಯನ್ನೂ ತಿನ್ನದೆ, ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಬಾಯಾರಿ ಕುಳಿತವನ ಎದೆ ಹೊಡೆದುಕೊಳ್ಳುವುದಕ್ಕೆ ಆತ್ಮಿಕ ಕಾರಣವನ್ನು ಹುಡುಕುವ ಮೊದಲು ಅವನಿಗೆ ಒಂದು ತಂಬಿಗೆ ನೀರು ಕೊಡುವುದು ಸತ್ಯವೇದಕ್ಕೆ ಒಪ್ಪುವ ಕೆಲಸವೇ ಆಗಿದೆ. ಎದೆನೋವು, ಎಡಗೈ ಸೆಳೆತ, ಬೆವರು, ಉಸಿರಾಟದ ತೊಂದರೆ ಹೊಸದಾಗಿ ಕಾಣಿಸಿಕೊಂಡರೆ ಅದು ಆತಂಕವಿರಬೇಕೆಂದು ನೀವೇ ತೀರ್ಮಾನಿಸಬೇಡಿರಿ. ಆಸ್ಪತ್ರೆಗೆ ಹೋಗುತ್ತ ದಾರಿಯಲ್ಲಿ ಪ್ರಾರ್ಥಿಸಿರಿ.

ಹೊತ್ತು ಮತ್ತು ಸ್ಥಳ

ನಿನ್ನ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು ಯೇಸು ಹೇಳಿದ್ದಾನೆ (ಮತ್ತಾಯ 6:6). ಆರು ಮಂದಿ ಒಂದೇ ಕೋಣೆಯಲ್ಲಿ ಮಲಗುವ ಮನೆಯಲ್ಲಿ ಮುಚ್ಚಲು ಬಾಗಿಲೆಲ್ಲಿಂದ ಬರಬೇಕು ಎಂದು ಕೇಳಿದರೆ, ಆ ಪ್ರಶ್ನೆಯೂ ನ್ಯಾಯವಾದದ್ದೇ. ಆದಿಕಾಂಡ 24:63ರಲ್ಲಿ ಇಸಾಕನು ಸಂಜೆಯ ಹೊತ್ತು ಧ್ಯಾನಕ್ಕಾಗಿ ಹೊಲದ ಕಡೆಗೆ ಹೋದನೆಂದಿದೆ. ನಮ್ಮಲ್ಲಿಯೂ ಹೊಲದ ಬದು, ಮನೆಯ ಮಾಳಿಗೆ, ಬೆಳಿಗ್ಗೆ ಯಾರೂ ಇಲ್ಲದ ಸಭೆಯ ಕಟ್ಟೆ, ಕಡೆಗೆ ಬೀದರ್‌ನಿಂದ ಕಲಬುರಗಿಗೆ ಹೋಗುವ ಬಸ್ಸಿನ ಕಿಟಕಿಯ ಸೀಟು ಕೂಡ ಸಾಕು. ಜನರ ಕಣ್ಣು ತನ್ನ ಮೇಲಿದೆ ಎಂಬ ಸಂಕೋಚವಿಲ್ಲದ ಜಾಗ ಬೇಕು, ಅಷ್ಟೇ.

ದಿನವೂ ಒಂದೇ ಹೊತ್ತಿಗೆ ಹದಿನೈದು ನಿಮಿಷ ಇಟ್ಟುಕೊಳ್ಳಿರಿ. ಕಳವಳ ಏರಿದಾಗ ಮಾತ್ರ ಪ್ರಾರ್ಥಿಸುವವರಿಗೆ ಪ್ರಾರ್ಥನೆಯ ನೆನಪೇ ಹೆದರಿಕೆಯೊಡನೆ ಬೆಸೆದುಹೋಗುತ್ತದೆ. ಕಣ್ಣು ಮುಚ್ಚಿದ ಕೂಡಲೇ ಎದೆ ಡವಡವ ಎನ್ನತೊಡಗುತ್ತದೆ. ನೆಮ್ಮದಿಯ ದಿನಗಳಲ್ಲಿಯೂ ಅದೇ ಜಾಗದಲ್ಲಿ ಅದೇ ಹೊತ್ತಿಗೆ ಕುಳಿತ ಅಭ್ಯಾಸವಿದ್ದರೆ ಕಷ್ಟದ ದಿನ ಬಂದಾಗ ದೇಹವೂ ಮನಸ್ಸೂ ಆ ಜಾಗವನ್ನು ಗುರುತಿಸುತ್ತವೆ.

ಕಾಗದವನ್ನು ಬಿಚ್ಚಿಡುವುದು

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಪಾಲಿಸುವಷ್ಟು ಮಾತ್ರ ವ್ಯವಧಾನವಿದ್ದರೆ ಇದನ್ನು ಪಾಲಿಸಿರಿ. ಅಶ್ಶೂರದ ಅರಸನು ಯೆರೂಸಲೇಮನ್ನು ಹಿಡಿಯುವೆನೆಂದು ಬೆದರಿಸಿ ಪತ್ರ ಕಳುಹಿಸಿದಾಗ, ಯೆಹೂದದ ಅರಸನಾದ ಹಿಜ್ಕೀಯನು ಅದನ್ನು ಓದಿ, ದೇವಾಲಯಕ್ಕೆ ಹೋಗಿ, ಆ ಪತ್ರವನ್ನು ಯೆಹೋವನ ಮುಂದೆ ಬಿಚ್ಚಿಟ್ಟು ಪ್ರಾರ್ಥಿಸಿದನು (2 ಅರಸುಗಳು 19:14). ಅವನ ಪ್ರಾರ್ಥನೆಯಲ್ಲಿ ಬೆದರಿಸಿದವನ ಹೆಸರಿದೆ, ಅವನು ಆಡಿದ ಮಾತಿದೆ, ಅವನ ಸೈನ್ಯವು ಅದುವರೆಗೆ ಬೇರೆ ನಾಡುಗಳಿಗೆ ಮಾಡಿದ ಹಾನಿಯ ಲೆಕ್ಕವೂ ಇದೆ. ‘ನನ್ನ ಎಲ್ಲ ಕಷ್ಟಗಳನ್ನು ದೂರಮಾಡು’ ಎಂಬ ಸವೆದ ಮಾತನ್ನು ಅವನು ಆಡಲಿಲ್ಲ.

ನಮ್ಮ ಕೈಯಲ್ಲಿಯೂ ಇಂಥ ಪತ್ರಗಳಿರುತ್ತವೆ. ಬ್ಯಾಂಕಿನ ನೋಟಿಸು, ರಕ್ತಪರೀಕ್ಷೆಯ ವರದಿ, ಮಗಳ ಪಿಯುಸಿ ಪರೀಕ್ಷೆಯ ಹಾಲ್ ಟಿಕೆಟ್, ನ್ಯಾಯಾಲಯದ ತಾರೀಖಿನ ಚೀಟಿ. ಅದನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟು ಪ್ರಾರ್ಥನೆಗೆ ಕೂಡಬೇಡಿರಿ. ಹೊರತೆಗೆದು, ಮಡಿಕೆಯನ್ನು ಬಿಡಿಸಿ, ಸತ್ಯವೇದದ ಪಕ್ಕದಲ್ಲಿ ನೆಲದ ಮೇಲೆ ಇಡಿರಿ. ಅದರಲ್ಲಿರುವ ಮೊತ್ತವನ್ನೂ ದಿನಾಂಕವನ್ನೂ ಗಟ್ಟಿಯಾಗಿ ಓದಿರಿ. ಕಾಗದವಿಲ್ಲದ ಚಿಂತೆಯಾದರೆ ಮಕ್ಕಳ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ನೀವೇ ಬರೆಯಿರಿ. ಬರೆಯಲು ಬಾರದವರು ಮನೆಯಲ್ಲಿ ಓದುವ ಮಗುವಿನಿಂದ ಬರೆಸಬಹುದೆಂದು ಹೇಳುವವರಿದ್ದಾರೆ. ನನಗೆ ಅದು ಸರಿಯೆನಿಸುವುದಿಲ್ಲ, ದೊಡ್ಡವರ ಸಾಲದ ಹೆದರಿಕೆಯನ್ನು ಹತ್ತು ವರ್ಷದ ಮಗುವಿನ ಕೈಯಿಂದ ಬರೆಸಬಾರದು. ಅಂಥವರು ಬಾಯಿಂದ ಹೇಳಿದರೆ ಸಾಕು.

ಹೇಳುವ ಭಾಷೆಯೂ ಮುಖ್ಯ. ಸಭೆಯಲ್ಲಿ ಎದ್ದು ನಿಂತು ಪ್ರಾರ್ಥಿಸುವಾಗ ನಾವು ಬಳಸುವ ಗ್ರಂಥದ ಕನ್ನಡಕ್ಕೆ ತನ್ನದೇ ಘನತೆಯಿದೆ, ಆದರೆ ಹೆದರಿಕೆ ಆ ಭಾಷೆಯಲ್ಲಿ ಹುಟ್ಟಿರುವುದಿಲ್ಲ. ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಿರಿ: ‘ತಂದೆ, ಬ್ಯಾಂಕಿನ್ದು ನೋಟಿಸು ಬಂದದ. ಮುಂದಿನ ತಿಂಗಳ ಕೊನಿಗಿ ರೊಕ್ಕ ಕಟ್ಟಬೇಕು. ಕೈಯಾಗ ಏನೂ ಇಲ್ಲ. ಅಳಿಯನ ಮುಂದ ಮರ್ಯಾದಿ ಹೋಗ್ತದ ಅಂತ ಭಾಳ ಹೆದರಿಕಿ ಆಗ್ಯಾದ.’ ಈ ಕೊನೆಯ ವಾಕ್ಯವನ್ನು ಗಮನಿಸಿರಿ. ರೊಕ್ಕದ ಮಾತಿನಿಂದ ಆರಂಭವಾದದ್ದು ಮರ್ಯಾದೆಯ ಹೆದರಿಕೆಗೆ ಬಂದು ಮುಟ್ಟಿತು. ಸ್ಪಷ್ಟವಾಗಿ ಹೇಳತೊಡಗಿದಾಗ ಮೇಲಿನ ಚಿಂತೆಯ ಅಡಿಯಲ್ಲಿರುವ ನಿಜವಾದ ಭಯವು ಹೀಗೆ ಹೊರಗೆ ಬರುತ್ತದೆ, ಮತ್ತು ದೇವರ ಮುಂದೆ ಇಡಬೇಕಾದದ್ದು ಹೆಚ್ಚಾಗಿ ಅದೇ ಆಗಿರುತ್ತದೆ. ಬೀದರ್ ಕಡೆ ಮನೆಮಾತು ತೆಲುಗೋ ಮರಾಠಿಯೋ ಉರ್ದುವೋ ಆಗಿರುವ ವಿಶ್ವಾಸಿಗಳಿದ್ದಾರೆ. ಅವರೂ ತಮ್ಮ ತಮ್ಮ ಮಾತಿನಲ್ಲೇ ಹೇಳಲಿ.

ಗೋಳಾಡುವುದಕ್ಕೂ ಎಡೆಯಿದೆ. 13ನೆಯ ಕೀರ್ತನೆಯು ‘ಎಷ್ಟರವರೆಗೆ’ ಎಂಬ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿ ಆರಂಭವಾಗುತ್ತದೆ. 88ನೆಯದು ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಅದರಲ್ಲಿಲ್ಲ. ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ದೇವರ ಮೇಲೆ ಸಿಟ್ಟು ಬಂದಿದ್ದರೆ ಅದನ್ನೂ ಹೇಳಬಹುದು. ಆದರೆ ಗೋಳಿಗೆ ಒಂದು ಮಿತಿ ಇಟ್ಟುಕೊಳ್ಳಿರಿ. ಒಂದು ಚಿಂತೆಯನ್ನು ಒಂದು ಸಲ ಪೂರ್ತಿ ಹೇಳಿದ ಮೇಲೆ ಅದನ್ನೇ ಮತ್ತೆ ಮೊದಲಿನಿಂದ ತಿರುವಬೇಡಿರಿ. ತಿರುವಿದರೆ ಪುನಃ ಚಿಂತೆಗೇ ಮರಳಿದಂತಾಗುತ್ತದೆ.

ಏನನ್ನು ಕೇಳಬೇಕು

ಬಿಚ್ಚಿಟ್ಟ ಮೇಲೆ ಕೇಳಬೇಕು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಇರುವುದು ಆ ದಿನದ ಆಹಾರದ ಬೇಡಿಕೆ, ವರ್ಷದ ದಾಸ್ತಾನಿನದ್ದಲ್ಲ. ಆ ಪ್ರಾರ್ಥನೆಯಿರುವ ಮತ್ತಾಯ 6ನೆಯ ಅಧ್ಯಾಯದ ಕೊನೆಯಲ್ಲಿ, ನಾಳಿನ ಚಿಂತೆ ನಾಳೆಗಿರಲಿ, ಆ ದಿನದ ಕಾಟ ಆ ದಿನಕ್ಕೆ ಸಾಕು ಎಂದಿದೆ. ಜೂನಿನಲ್ಲಿ ಬಿತ್ತಿದ ತೊಗರಿ ಮಾರುಕಟ್ಟೆಗೆ ಬರುವುದು ಡಿಸೆಂಬರ್ ಜನವರಿಯ ಹೊತ್ತಿಗೆ. ಆಗಿನ ದರದ ಬಗ್ಗೆ ಆಗಸ್ಟಿನಲ್ಲಿ ಪ್ರಾರ್ಥಿಸಬಾರದೆಂದೇನಿಲ್ಲ, ಆದರೆ ಆಗಸ್ಟಿನ ಈ ದಿನಕ್ಕೆ ಬೇಕಾದದ್ದನ್ನು ಮೊದಲು ಕೇಳಬೇಕು: ಈ ಹೊತ್ತು ಕಳೆ ತೆಗೆಯುವಷ್ಟು ಮೈಯಲ್ಲಿ ಶಕ್ತಿ, ಗೊಬ್ಬರದ ಅಂಗಡಿಯವನೊಡನೆ ಜಗಳವಾಡದೆ ಮಾತಾಡುವ ತಾಳ್ಮೆ, ರಾತ್ರಿ ನಾಲ್ಕು ತಾಸು ನಿದ್ದೆ. ಇಷ್ಟು ಚಿಕ್ಕದನ್ನು ಕೇಳಿದವನಿಗೆ ಸಂಜೆಯ ಹೊತ್ತಿಗೆ ಅದು ದೊರೆಯಿತೇ ಇಲ್ಲವೇ ಎಂಬುದು ಕಾಣುತ್ತದೆ.

‘ನಿನ್ನ ಚಿತ್ತದಂತಾಗಲಿ’ ಎಂಬ ಮಾತನ್ನು ನಮ್ಮವರು ಬಹಳ ಬೇಗ ಆಡಿಬಿಡುತ್ತಾರೆ, ಕೇಳುವುದಕ್ಕೇ ಹೆದರಿದವರಂತೆ. ಸಾವಿನ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮೊದಲು ಈ ಪಾತ್ರೆಯು, ಅಂದರೆ ಬರಲಿದ್ದ ಸಂಕಟವು, ತನ್ನಿಂದ ತೊಲಗಲಿ ಎಂದು ನೇರವಾಗಿ ಕೇಳಿದನು, ಆಮೇಲೆ ತಂದೆಯ ಚಿತ್ತಕ್ಕೆ ಒಪ್ಪಿಸಿದನು. ಒಂದೇ ಸಲಕ್ಕೆ ಅದು ಮುಗಿಯಲೂ ಇಲ್ಲ, ಮೂರು ಸಲ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದನೆಂದು ಮತ್ತಾಯನು ಬರೆದಿದ್ದಾನೆ (26:44). ಒಪ್ಪಿಸುವುದು ಕಷ್ಟದ ಕೆಲಸ, ಅದಕ್ಕೆ ಸಮಯ ಹಿಡಿಯುತ್ತದೆ.

ಇದರ ಬೆನ್ನಿಗೆ ಸ್ತೋತ್ರ ಬರಬೇಕು, ಅದೂ ವಿವರವಾಗಿ. ‘ಎಲ್ಲ ಉಪಕಾರಗಳಿಗಾಗಿ ಸ್ತೋತ್ರ’ ಎಂದರೆ ಮನಸ್ಸಿಗೆ ಏನೂ ತಟ್ಟುವುದಿಲ್ಲ. ನಿನ್ನೆ ನೆರೆಮನೆಯ ಅಕ್ಕ ಕೇಳದೆಯೇ ಒಂದು ಬಟ್ಟಲು ಬೇಳೆ ಕೊಟ್ಟುಹೋದದ್ದು, ಜ್ವರದಲ್ಲಿದ್ದ ಕೂಸು ಬೆಳಗಿನ ಜಾವ ಬೆವರಿ ತಣ್ಣಗಾದದ್ದು, ಇಂಥ ಮೂರನ್ನು ಹೆಸರಿಸಿದರೆ ಸಾಕು.

ಉಸಿರಿನ ಪ್ರಾರ್ಥನೆ, ಅರ್ಧರಾತ್ರಿಯ ಪ್ರಾರ್ಥನೆ

ಕಳವಳ ವಿಪರೀತವಾದಾಗ ವಾಕ್ಯಗಳು ಕೂಡಿಬರುವುದಿಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಶತಮಾನಗಳಿಂದ ನಡೆದುಬಂದಿರುವ ಒಂದು ಚಿಕ್ಕ ಪ್ರಾರ್ಥನೆಯಿದೆ: ‘ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು.’ ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಸುಂಕದವನೂ ಕುರುಡ ಭಿಕ್ಷುಕನೂ ಕೂಗಿದ ಕೂಗುಗಳೇ ಇದರ ಮೂಲ. ಮೂಗಿನಿಂದ ಉಸಿರನ್ನು ಒಳಗೆಳೆದುಕೊಳ್ಳುವಾಗ ‘ಯೇಸುವೇ’ ಎಂದೂ, ಬಾಯಿಂದ ನಿಧಾನವಾಗಿ ಬಿಡುವಾಗ ‘ಕರುಣಿಸು’ ಎಂದೂ ಮನಸ್ಸಿನಲ್ಲಿ ಹೇಳಿರಿ. ಬಿಡುವ ಉಸಿರು ಎಳೆದುಕೊಂಡ ಉಸಿರಿಗಿಂತ ಉದ್ದವಾಗಿರಲಿ. ಹೊರಗೆ ಬಿಡುವ ಉಸಿರು ನಿಧಾನವಾದಾಗ ಹೃದಯದ ಬಡಿತವೂ ತಗ್ಗುವುದು ದೇಹದ ಸಹಜ ಧರ್ಮ. ಐದಾರು ನಿಮಿಷ ಇದನ್ನು ಮಾಡಬಹುದು. ಕಥೋಲಿಕ ಮನೆಗಳಲ್ಲಿ ಜಪಸರದ ಮಣಿಗಳನ್ನು ಬೆರಳಿನಿಂದ ಸರಿಸುತ್ತ ಹೇಳುವ ಪ್ರಾರ್ಥನೆಯೂ ಇಂಥದ್ದೇ ಆಸರೆಯಾಗುತ್ತದೆ, ಏಕೆಂದರೆ ಮಾತು ಮೊದಲೇ ಗೊತ್ತಿರುವುದರಿಂದ ಹುಡುಕಬೇಕಾಗಿಲ್ಲ, ಕೈಗೂ ಒಂದು ಕೆಲಸವಿರುತ್ತದೆ.

ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮೊಬೈಲ್ ಮುಟ್ಟಬೇಡಿರಿ. ಸಮಸ್ಯೆಯನ್ನು ಬಿಡಿಸಲೂ ಆ ಹೊತ್ತಿನಲ್ಲಿ ಹೋಗಬೇಡಿರಿ, ಕತ್ತಲಲ್ಲಿ ಪ್ರತಿಯೊಂದು ಸಂಗತಿಯೂ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇಸ್ರಾಯೇಲನ್ನು ಕಾಯುವಾತನು ತೂಕಡಿಸುವುದಿಲ್ಲ ಎಂಬ 121ನೆಯ ಕೀರ್ತನೆಯ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದು ಮಲಗಿದಲ್ಲಿಯೇ ಹೇಳಿಕೊಳ್ಳಿರಿ. ಆತನು ಎಚ್ಚರವಿರುವಾಗ ಇಬ್ಬರೂ ಎಚ್ಚರವಾಗಿರುವ ಅಗತ್ಯವಿಲ್ಲ.

ಆಮೆನ್ ಎಂದ ಮೇಲೆ

ಎದ್ದು ಒಂದು ಕೆಲಸ ಮಾಡಬೇಕು. ಯೆರೂಸಲೇಮಿನ ಗೋಡೆ ಕಟ್ಟುವಾಗ ಶತ್ರುಗಳ ಭಯ ಬಂದಾಗ, ತಾವು ದೇವರಿಗೆ ಪ್ರಾರ್ಥಿಸಿದೆವು, ಹಗಲಿರುಳು ಕಾವಲನ್ನೂ ಇಟ್ಟೆವು ಎಂದು ನೆಹೆಮೀಯನು ಒಂದೇ ವಾಕ್ಯದಲ್ಲಿ ಹೇಳುತ್ತಾನೆ (4:9). ನೋಟಿಸನ್ನು ದೇವರ ಮುಂದೆ ಬಿಚ್ಚಿಟ್ಟವರು ಅದೇ ವಾರದಲ್ಲಿ ಅದನ್ನು ಹಿಡಿದು ಬ್ಯಾಂಕಿಗೆ ಹೋಗಿ, ವ್ಯವಸ್ಥಾಪಕರನ್ನು ಕಂಡು, ಕಂತಿನ ಅವಧಿಯನ್ನು ಬದಲಿಸಲು ಸಾಧ್ಯವೇ ಎಂದು ಕೇಳಬೇಕು. ಅಲ್ಲಿಯ ಸಾಲಿನಲ್ಲಿ ನಿಂತಾಗ ಒಂದು ವಾಕ್ಯದ ಪ್ರಾರ್ಥನೆ ಮಾಡಿದರೆ ಸಾಕು, ಅದೇ ನೆಹೆಮೀಯನು ಅರಸನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವಿನ ಕ್ಷಣದಲ್ಲಿ ಪ್ರಾರ್ಥಿಸಿದ್ದನು (2:4). ಮಾಡಲು ಏನೂ ಉಳಿದಿಲ್ಲದ ಚಿಂತೆಯಾದರೆ ಮನೆಯ ಯಾವುದಾದರೂ ಕೆಲಸಕ್ಕೆ ಕೈಹಚ್ಚಿರಿ.

ಮಕ್ಕಳಿಲ್ಲದ ಕೊರಗಿನಲ್ಲಿ ಮಗುವನ್ನು ಬೇಡಿಕೊಂಡ ಹನ್ನಳ ಕಥೆಯನ್ನು ಇಲ್ಲಿ ನೆನೆಯಬೇಕು. ತುಟಿ ಮಾತ್ರ ಅಲುಗುವಂತೆ ಪ್ರಾರ್ಥಿಸುತ್ತಿದ್ದ ಆಕೆಯನ್ನು ಯಾಜಕನಾದ ಏಲಿಯು ಕುಡಿದವಳೆಂದು ತಿಳಿದನು. ಆಮೇಲೆ ಅರಿತುಕೊಂಡು ಆಶೀರ್ವದಿಸಿದನು. ಆಕೆ ಹೊರಟುಹೋಗಿ ಊಟಮಾಡಿದಳು, ಆಕೆಯ ಮುಖದಲ್ಲಿ ದುಃಖ ಉಳಿಯಲಿಲ್ಲ (1 ಸಮುವೇಲ 1:18). ಆಗ ಆಕೆ ಇನ್ನೂ ಬಸುರಿಯಾಗಿರಲಿಲ್ಲ. ಕೇಳಿದ್ದು ಕೈಗೆ ಬರುವ ಮೊದಲೇ ಸಮಾಧಾನ ಬರಬಹುದು, ಅದು ಅನ್ನದ ಮುಂದೆ ಕುಳಿತಾಗ ಗೊತ್ತಾಗಬಹುದು.

ಇತರರೊಡನೆ

ಒಬ್ಬರ ಭಾರವನ್ನು ಮತ್ತೊಬ್ಬರು ಹೊರಬೇಕೆಂಬುದು ಗಲಾತ್ಯದವರಿಗೆ ಬರೆದ ಪತ್ರಿಕೆಯ ಆಜ್ಞೆ. ಮನೆ ಪ್ರಾರ್ಥನಾ ಕೂಟಗಳು, ಶುಕ್ರವಾರದ ಉಪವಾಸ ಕೂಟಗಳು, ನವೆಂಬರಿನಲ್ಲಿ ನಮ್ಮ ಗಡಿಗೆ ಹತ್ತಿರದ ವಿಕಾರಾಬಾದ್ ಕಡೆಯ ಧಾರೂರಿನಲ್ಲಿ ನಡೆಯುವ ಮೆಥಡಿಸ್ಟ್ ಜಾತ್ರೆ, ಇವೆಲ್ಲ ಒಂಟಿತನವನ್ನು ಕಳೆಯುತ್ತವೆ. ಆದರೂ ಒಂದು ಎಚ್ಚರಿಕೆ ಅಗತ್ಯ. ಕೂಟದಲ್ಲಿ ‘ಈ ಸಹೋದರಿಗಾಗಿ ಪ್ರಾರ್ಥಿಸೋಣ, ಅವಳ ಗಂಡ ಹೀಗೀಗೆ’ ಎಂದು ಆಡಿದ ಮಾತು ಮರುದಿನ ಓಣಿಯ ನಲ್ಲಿಯ ಹತ್ತಿರ ಕೇಳಿಬರುವುದುಂಟು, ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ಪ್ರಾರ್ಥನೆಯ ಬೇಡಿಕೆ ಇನ್ನೂ ವೇಗವಾಗಿ ಹೋಗುತ್ತದೆ. ಪೂರ್ತಿ ವಿವರವನ್ನು ಬಾಯಿಬಿಗಿ ಇರುವ ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ ಹೇಳಿರಿ. ಕೂಟಕ್ಕೆ ‘ಒಂದು ಕಷ್ಟವಿದೆ’ ಎಂದರೆ ಸಾಕು, ದೇವರಿಗೆ ವಿವರ ಗೊತ್ತಿದೆ. ಸಕ್ಕರೆ ಕಾಯಿಲೆಯವರು, ಬಸುರಿಯರು, ನಿತ್ಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಇಂತಿಷ್ಟು ಕಾಣಿಕೆ ಕೊಟ್ಟರೆ ಚಿಂತೆ ತೊಲಗುತ್ತದೆಂದು ಹೇಳುವವರ ಬಾಗಿಲಿಗೆ ಹೋಗಲೇಬೇಡಿರಿ.

ವೈದ್ಯರ ಬಳಿಗೆ ಹೋಗಬೇಕಾದಾಗ

ಚಿಂತೆಯು ವಾರಗಟ್ಟಲೆ ದಿನದ ಬಹುಪಾಲು ಹೊತ್ತು ಹಿಡಿದುಕೊಂಡಿದ್ದು, ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಅದು ಚಿಕಿತ್ಸೆಗೆ ಒಗ್ಗುವ ಕಾಯಿಲೆಯಾಗಿರಬಹುದು. ಕೆಲವೊಮ್ಮೆ ಥೈರಾಯ್ಡ್ ಏರುಪೇರು, ರಕ್ತಹೀನತೆ ಕೂಡ ಎದೆಬಡಿತಕ್ಕೆ ಕಾರಣವಾಗಿರುತ್ತವೆ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು. ಅಲ್ಲಿ ಮನೋವೈದ್ಯರನ್ನು ಕಾಣಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರ ಭೇಟಿಯ ವ್ಯವಸ್ಥೆಯಿದ್ದು, ಹೋಗುವ ಮುನ್ನ ಆಯಾ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಬೇಕು. ಮನೆಯಿಂದ ಹೊರಡಲಾಗದವರು 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಹಗಲಿರುಳು, ಉಚಿತವಾಗಿ, ಕನ್ನಡದಲ್ಲಿಯೇ ಮಾತಾಡಬಹುದು. ಕೇಂದ್ರ ಸರ್ಕಾರವು ಇದನ್ನು 2022ರ ಅಕ್ಟೋಬರ್ 10ರಂದು ಆರಂಭಿಸಿತು. ಜೀವ ಕಳೆದುಕೊಳ್ಳುವ ಯೋಚನೆ ಬಂದವರು ಒಂಟಿಯಾಗಿ ಪ್ರಾರ್ಥಿಸುತ್ತ ಕೂಡಬಾರದು. ಕೂಡಲೇ ಮನೆಯವರಿಗೆ ಹೇಳಿ, ಈ ಸಂಖ್ಯೆಗೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಕೀಟನಾಶಕದ ಡಬ್ಬಿಗಳಿದ್ದರೆ ಮನೆಯವರು ಅವನ್ನು ಅಂದೇ ಬೇರೆಡೆಗೆ ಸಾಗಿಸಬೇಕು.

ಮಾತ್ರೆ ನುಂಗುವುದು ಅವಿಶ್ವಾಸ ಎಂದು ಯಾರಾದರೂ, ಅವರು ಪಾಸ್ಟರ್ ಆಗಿದ್ದರೂ ಸರಿ, ಹೇಳಿದರೆ ಒಪ್ಪಬೇಕಾಗಿಲ್ಲ. ಪೌಲನು ತನ್ನ ಜೊತೆಗಾರನಾದ ಲೂಕನನ್ನು ಪ್ರಿಯ ವೈದ್ಯನೆಂದು ಕರೆದಿದ್ದಾನೆ (ಕೊಲೊಸ್ಸೆ 4:14). ಶುರುಮಾಡಿದ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸುವುದು ಅಪಾಯಕಾರಿ.

ಹಾಳೆಗಳನ್ನು ಎಸೆಯದಿರಿ

ಚಿಂತೆಗಳನ್ನು ಬರೆದಿಟ್ಟ ಹಾಳೆಗಳಿಗೆ ತಾರೀಖು ಹಾಕಿ ಒಂದು ಕಡೆ ಇಟ್ಟುಕೊಂಡು, ತಿಂಗಳಿಗೊಮ್ಮೆ ತೆಗೆದು ಓದಿರಿ. ಕೆಲವು ಬೇಡಿಕೆಗಳು ಈಡೇರಿರುತ್ತವೆ; ಕೆಲವು ಹೆದರಿಕೆಗಳು ಬರಲೇ ಇಲ್ಲವೆಂಬುದು ತಿಳಿಯುತ್ತದೆ; ಕೆಲವು ಹಾಗೆಯೇ ಉಳಿದಿರುತ್ತವೆ. ಶರೀರದ ಮುಳ್ಳೆಂದು ತಾನೇ ಕರೆದ, ಬಿಡದೆ ಕಾಡುತ್ತಿದ್ದ ಬಾಧೆಯನ್ನು ತೆಗೆಯಬೇಕೆಂದು ಪೌಲನು ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ, ಅದನ್ನು ತಾಳಿಕೊಳ್ಳುವ ಕೃಪೆ ಮಾತ್ರ ದೊರೆಯಿತು (2 ಕೊರಿಂಥ 12:8-9). ಉಳಿದವುಗಳ ಮುಂದೆ ಅಡ್ಡಗೆರೆ ಎಳೆಯದೆ ಹೊಸ ಹಾಳೆಗೆ ಬರೆದುಕೊಂಡು ಮುಂದುವರಿಸಿರಿ.

ಈ ವಾರವೇ ಆರಂಭಿಸುವವರು ದಿನಕ್ಕೊಂದರಂತೆ 13, 42, 46, 55, 94, 121, 131ನೆಯ ಕೀರ್ತನೆಗಳನ್ನು ಓದಿಕೊಂಡು ಪ್ರಾರ್ಥನೆಗೆ ಕೂಡಬಹುದು. 55ನೆಯದು ಉದ್ದವಾಗಿದೆ, ಬಿಡುವಿಲ್ಲದ ದಿನ ಅದರ 22ನೆಯ ವಚನದ ಸುತ್ತಲಿನದನ್ನು ಓದಿದರೂ ನಡೆಯುತ್ತದೆ. 131ರಲ್ಲಿ ಮೂರೇ ವಚನಗಳಿವೆ. ತೀರಾ ದಣಿದ ದಿನಕ್ಕೆ ಅದನ್ನೇ ಇಟ್ಟುಕೊಳ್ಳಿರಿ.